ಅಂಗಡಿಯ ಘಟದ ಸೆಟ್: ಮಗಿ ಚೆಂದ, ಮಣ್ಣು ಸತ್ತದ್ದು, ಕಾಳು ಯಾರದ್ದೋ

ಮಹಾನವಮಿ ಅಮಾವಾಸ್ಯೆ ಇನ್ನೂ ವಾರ ಇದೆ ಎನ್ನುವಾಗಲೇ ಬೆಳಗಾವಿಯ ಗಣಪತ್ ಗಲ್ಲಿ, ರವಿವಾರ ಪೇಟೆಯಿಂದ ಹಿಡಿದು ಜಮಖಂಡಿ, ಮುಧೋಳ, ಇಂಡಿಯ ಸಂತೆಗಳವರೆಗೆ ಪೂಜಾ ಸಾಮಾನಿನ ಅಂಗಡಿಗಳ ಮುಂದೆ ಘಟದ ಸೆಟ್ಟುಗಳು ಬಂದು ಕೂಡುತ್ತವೆ. ನವರಾತ್ರಿಗೆ ದೇವರ ಮುಂದೆ ಮಣ್ಣು ಹಾಸಿ, ನಡುವೆ ನೀರಿನ ಮಗಿ (ಸಣ್ಣ ಮಣ್ಣಿನ ಗಡಿಗೆ) ಇಟ್ಟು, ಸುತ್ತ ಕಾಳು ಬಿತ್ತುವುದೇ ಘಟ. ಪಾರದರ್ಶಕ ಚೀಲದೊಳಗೆ ಬಣ್ಣ ಬಳಿದ ಒಂದು ಮಗಿ, ಒಂದು ತಾಟು, ಕಿಲೋದಷ್ಟು ಮಣ್ಣಿನ ಪೊಟ್ಟಣ, ಒಂದು ಹಿಡಿ ಬೆರಕೆ ಕಾಳು, ಬತ್ತಿ, ಕೆಂಪು ವಸ್ತ್ರ, ಅರಿಷಿಣ-ಕುಂಕುಮ. ‘ಬರೇ ನೀರ ಹಾಕೂದ ನೋಡ್ರಿ ಅಕ್ಕಾರ, ಉಳಿದದ್ದೆಲ್ಲಾ ಇದರಾಗ ಐತಿ’ ಅನ್ನುವುದು ಅಂಗಡಿಯವರ ಮಾತು. ಹೆಸರಿಲ್ಲದ, ಕಂಪನಿಯಿಲ್ಲದ ಮಾಲು ಇದು. ಅಂಗಡಿ ಬೇರೆಯಾದರೂ ಒಳಗಿನ ಸಾಮಾನು ಹೆಚ್ಚುಕಡಿಮೆ ಒಂದೇ. ಅದಕ್ಕೇ ಇಲ್ಲಿ ಯಾವ ಅಂಗಡಿಯ ಹೆಸರೂ ಇಲ್ಲ. ಸೆಟ್ಟನ್ನು ಬಿಚ್ಚಿ ಒಂದೊಂದೇ ಸಾಮಾನನ್ನು ತೂಗಿ ನೋಡಿದ್ದು ಮಾತ್ರ ಇದೆ.

ಯಾವುದಕ್ಕೆ ಹೋಲಿಸಿ ತೂಗುವುದು? ಫ್ಲ್ಯಾಟಿನಲ್ಲಿದ್ದವರಿಗೆ ಒಂಬತ್ತು ದಿನದಲ್ಲಿ ದೇವರ ಮುಂದೆ ಸಸಿ ಎದ್ದರೆ ಸಾಕು. ಹೊಲ ಇದ್ದವರಿಗೆ ಅಷ್ಟಕ್ಕೇ ಮುಗಿಯುವುದಿಲ್ಲ. ಸೆಪ್ಟೆಂಬರ್ 22-23ಕ್ಕೆ ಹಗಲು-ರಾತ್ರಿ ಸಮ ಆಗುವ ಹೊತ್ತು ನಮ್ಮ ಎರಿ (ಕಪ್ಪು ಮಣ್ಣಿನ) ಹೊಲಗಳಲ್ಲಿ ಮುಂಗಾರಿ ಮುಗಿದು ಹಿಂಗಾರಿ ಶುರುವಾಗುವ ಹೊತ್ತು. ಸೆಪ್ಟೆಂಬರ್ 13ರ ಸುಮಾರಿಗೆ ಉತ್ತರಿ ಮಳೆ, 27ರ ಸುಮಾರಿಗೆ ಹಸ್ತ, ಅಕ್ಟೋಬರ್ 10ರ ಹೊತ್ತಿಗೆ ಚಿತ್ತಿ. ಈ ಮೂರು ಮಳೆಯ ನಡುವೆ ಬಿಳಿಜೋಳ, ಕುಸುಬೆ, ಕಡಲೆ ಹೊಲ ಸೇರಬೇಕು. ಆಮೇಲೆ ಗೋದಿ. ಅದೇ ಹೊತ್ತಿಗೆ ಹೊಲದ ಮಣ್ಣು ತಂದು, ಬಿತ್ತುವ ಕಾಳನ್ನೇ ಅದರಲ್ಲಿ ಹಾಕಿ, ಒಂಬತ್ತು ದಿನ ಕಾದು ಎಷ್ಟು ನಾಟಿತು ಎಂದು ನೋಡುವುದು ಘಟ. ದೇವಿಯ ಪೂಜೆಯೂ ಹೌದು, ಬೀಜದ ಪರೀಕ್ಷೆಯೂ ಹೌದು. ಬೀಜ ಪರೀಕ್ಷಾ ಪ್ರಯೋಗಾಲಯಗಳಲ್ಲೂ ಜೋಳದ ಮೊಳಕೆಯನ್ನು 4ನೇ ದಿನ ಒಮ್ಮೆ, 10ನೇ ದಿನ ಕೊನೆಯ ಸಲ ಎಣಿಸುತ್ತಾರೆ. ಗೋದಿಗೆ 4 ಮತ್ತು 8, ಕಡಲೆಗೆ 5 ಮತ್ತು 8. ದಶಮಿಗೆ ಘಟದ ಸಸಿ ಕೀಳುವ ಲೆಕ್ಕಕ್ಕೂ ಇದಕ್ಕೂ ಹೆಚ್ಚು ಅಂತರವಿಲ್ಲ. ಹಾಗಾಗಿ ಸೆಟ್ ಒಳ್ಳೆಯದೋ ಕೆಟ್ಟದ್ದೋ ಎಂಬುದಕ್ಕೆ ಇಲ್ಲಿನ ಅಳತೆ ಒಂದೇ: ದಶಮಿಯ ದಿನ ಅದು ನಿಮ್ಮ ಬಿತ್ತಿಗೆಯ ಬಗ್ಗೆ ಏನಾದರೂ ಹೇಳುತ್ತದೋ ಇಲ್ಲವೋ.

ಮಗಿಯಿಂದ ಶುರು ಮಾಡೋಣ, ಸೆಟ್ಟಿನಲ್ಲಿ ದುಡ್ಡು ಹೋಗುವುದು ಅದಕ್ಕೇ. ಘಟದ ಮಗಿಯ ಕೆಲಸ ನೀರನ್ನು ಹಿಡಿದಿಡುವುದಲ್ಲ, ಬಿಡುವುದು. ಬಣ್ಣವಿಲ್ಲದ ಸುಟ್ಟ ಮಣ್ಣಿನ ಮಗಿಯಲ್ಲಿ ನೀರು ತುಂಬಿಟ್ಟರೆ ಮೈಯೆಲ್ಲ ಜಿನುಗಿ ಸುತ್ತಲಿನ ಮಣ್ಣು ತಾನೇ ಹಸಿ ಹಿಡಿಯುತ್ತದೆ. ಮಣ್ಣು ಒಣಗಿದಷ್ಟೂ ಹೆಚ್ಚು ನೀರು ಎಳೆದುಕೊಳ್ಳುತ್ತದೆ, ಹಸಿ ಇದ್ದರೆ ಕಡಿಮೆ. ಹಣ್ಣಿನ ಗಿಡಗಳ ಬುಡದಲ್ಲಿ ಗಡಿಗೆ ಹೂತು ನೀರುಣಿಸುವ ಪದ್ಧತಿಯೂ ಇದೇ ತತ್ತ್ವದ್ದು. ಸೆಟ್ಟಿನ ಮಗಿಗಳಿಗೆ ಈಗ ಆಯಿಲ್ ಪೇಂಟ್ ಬಳಿದು, ಮೇಲೆ ಬಂಗಾರದ ಗೆರೆ ಎಳೆದು, ಕನ್ನಡಿ ಚೂರು ಅಂಟಿಸಿರುತ್ತಾರೆ. ನೋಡಲು ಲಕ್ಷಣವಾಗಿದೆ, ನೀರು ಮಾತ್ರ ಒಂದು ಹನಿ ಹೊರಗೆ ಬರುವುದಿಲ್ಲ. ಮೂರನೇ ದಿನ ಮೇಲ್ಮಣ್ಣು ಒಣಗಿದ್ದು ಕಂಡು ಮನೆಯವರು ಚರಗಿಯಿಂದ ಸುರಿಯುತ್ತಾರೆ. ಕಾಳು ತೇಲಿ ಒಂದು ಮೂಲೆಗೆ ಸೇರುತ್ತವೆ, ಅಲ್ಲೇ ಕೊಳೆಯುತ್ತವೆ. ಸಸಿ ಏಳದ ಘಟಗಳಲ್ಲಿ ಹೆಚ್ಚಿನವು ಕೆಡುವುದು ಹೀಗೆ.

ಅಂಗಡಿಯಲ್ಲೇ ನಿಂತು ಪರೀಕ್ಷೆ ಮಾಡಬಹುದು. ಬೆರಳು ಒದ್ದೆ ಮಾಡಿ ಮಗಿಯ ಹೊಟ್ಟೆಗೆ ಒಂದು ಹನಿ ಮುಟ್ಟಿಸಿ. ಬರೀ ಮಣ್ಣಾಗಿದ್ದರೆ ಕ್ಷಣದಲ್ಲಿ ಹೀರಿ ಕಲೆ ಮಾತ್ರ ಉಳಿಯುತ್ತದೆ. ಬಣ್ಣವಿದ್ದರೆ ಹನಿ ಮುತ್ತಿನಂತೆ ನಿಂತು ಜಾರುತ್ತದೆ. ಬೆರಳ ಗಂಟಿನಿಂದ ಬಡಿದು ನೋಡಿ: ‘ಟಣ್’ ಎಂದರೆ ಸರಿಯಾಗಿ ಬೆಂದಿದೆ, ‘ದಬ್’ ಎಂದರೆ ಎಲ್ಲೋ ಬಿರುಕಿದೆ ಅಥವಾ ಹಸಿಯಾಗಿದೆ. ಉಗುರಿನಿಂದ ಗೀರಿದಾಗ ಪುಡಿ ಉದುರುವ ಮಗಿ ಒಂಬತ್ತು ದಿನ ನೀರಿನಲ್ಲಿ ನಿಲ್ಲುವುದಿಲ್ಲ, ಬುಡ ಕರಗುತ್ತದೆ. ಅಳತೆಗೆ ಹೇಳುವುದಾದರೆ ಒಂದು ಅಡಿ ಅಗಲದ ಬುಟ್ಟಿಗೆ ಒಂದರಿಂದ ಒಂದೂವರೆ ಲೀಟರ್ ಹಿಡಿಯುವ ಮಗಿ ಸಾಕು. ಅದಕ್ಕಿಂತ ದೊಡ್ಡದಾದರೆ ಬಿತ್ತಲು ಜಾಗ ಉಳಿಯುವುದಿಲ್ಲ. ಹೊಸ ಮಗಿಯನ್ನು ಹಿಂದಿನ ರಾತ್ರಿ ಪೂರ್ತಿ ನೀರಿನಲ್ಲಿ ಮುಳುಗಿಸಿಡಬೇಕು. ಆವಿಗೆಯ ಬೂದಿ, ದೂಳು ತೊಳೆದುಹೋಗಿ ರಂಧ್ರ ತೆರೆಯುತ್ತವೆ. ವಿಜಯಪುರದ ಕಡೆಯ ಸವಳು ಕೊರೆಬಾವಿ ನೀರನ್ನು ಮಗಿಗೆ ತುಂಬಿದರೆ ನಾಲ್ಕೈದು ದಿನಕ್ಕೆ ಹೊರಮೈ ಮೇಲೆ ಬಿಳಿ ಉಪ್ಪು ಕಟ್ಟಿ ಜಿನುಗು ನಿಧಾನವಾಗುತ್ತದೆ, ಆ ಉಪ್ಪು ಮಣ್ಣಿಗೂ ಇಳಿಯುತ್ತದೆ. ಹೊಳೆ ನೀರೋ ಹಿಡಿದಿಟ್ಟ ಮಳೆ ನೀರೋ ಇದ್ದರೆ ಅದೇ ಒಳ್ಳೆಯದು.

ಬಣ್ಣದ ಮಗಿ ಈಗಾಗಲೇ ಮನೆಗೆ ಬಂದಿದ್ದರೆ ಬಿಸಾಡುವುದು ಬೇಡ. ಮಣ್ಣಿನೊಳಗೆ ಮುಚ್ಚಿಹೋಗುವ ಕೆಳಗಿನ ಅರ್ಧ ಭಾಗವನ್ನು ಸ್ಯಾಂಡ್ ಪೇಪರಿನಿಂದ ಅಥವಾ ಇಟ್ಟಿಗೆ ಚೂರಿನಿಂದ ಮಣ್ಣಿನ ಬಣ್ಣ ಕಾಣುವವರೆಗೆ ತಿಕ್ಕಿದರೆ ಸಾಕು. ಮೇಲಿನ ಚಿತ್ತಾರ ಹಾಗೇ ಉಳಿಯುತ್ತದೆ, ಕೆಳಗಿನಿಂದ ನೀರೂ ಬಿಡುತ್ತದೆ. ಖಾನಾಪುರದ ಮಣ್ಣಿನ ಸಾಮಾನಿಗೆ ಮೊದಲಿನಿಂದ ಹೆಸರಿದೆ, ಕೇಂದ್ರ ಗ್ರಾಮೀಣ ಕುಂಬಾರಿಕೆ ಸಂಸ್ಥೆ ಇರುವುದೂ ಅಲ್ಲೇ. ಆ ಕಡೆಯ ಬಣ್ಣವಿಲ್ಲದ ಕೆಂಪು ಮಗಿ ಸಿಕ್ಕರೆ ಸೆಟ್ಟಿನ ಗೊಡವೆಗೇ ಹೋಗಬೇಡಿ. ಸಂತೆಯಲ್ಲಿ ಕುಂಬಾರರ ಹತ್ತಿರ ಬಿಡಿಯಾಗಿ ಕೊಳ್ಳುವ ಮಗಿ ಕಡಿಮೆಗೂ ಬರುತ್ತದೆ, ಕೆಲಸವನ್ನೂ ಮಾಡುತ್ತದೆ.

ತಾಟಿನ ವಿಷಯ ಬೇಗ ಮುಗಿಯುತ್ತದೆ. ಹಳೆಯ ಪದ್ಧತಿಯಲ್ಲಿ ಮುತ್ತುಗದ ಎಲೆಯ ಪತ್ರಾವಳಿ, ಇಲ್ಲವೇ ಬಿದಿರ ಬುಟ್ಟಿ. ಎಲೆಗೆ ಎಲೆ ಹೊಲಿದ ಸಂದಿನಿಂದ ಹೆಚ್ಚಿನ ನೀರು ಇಳಿದುಹೋಗುತ್ತದೆ. ಸೆಟ್ಟಿನಲ್ಲಿ ಬರುವುದು ಬೆಳ್ಳಿ ಬಣ್ಣದ ಕಾಗದಕ್ಕೆ ಪ್ಲಾಸ್ಟಿಕ್ ಹಾಳೆ ಅಂಟಿಸಿದ ತಾಟು. ಅದರಿಂದ ಹನಿ ನೀರು ಇಳಿಯುವುದಿಲ್ಲ, ತಳದಲ್ಲಿ ಕೆಸರಾಗಿ ನಾಲ್ಕನೇ ದಿನಕ್ಕೆ ಹುಳಿ ವಾಸನೆ ಬರುತ್ತದೆ. ದಬ್ಬಳದಿಂದ ಹದಿನೈದಿಪ್ಪತ್ತು ತೂತು ಹಾಕಿ, ಕೆಳಗೆ ಒಂದು ಪರಾತ ಇಟ್ಟರೆ ನಡೆಯುತ್ತದೆ. ಮೇದಾರರ ಬುಟ್ಟಿ ಸಿಕ್ಕರೆ ಅದಕ್ಕಿಂತ ಒಳ್ಳೆಯದು ಬೇರೊಂದಿಲ್ಲ. ಒಂದು ಅಡಿ ಅಗಲ, ನಾಲ್ಕು ಬೆರಳು ಎತ್ತರದ್ದು ನೋಡಿ ಕೊಳ್ಳಿ, ತಳಕ್ಕೆ ಮುತ್ತುಗದ ಎಲೆ ಹಾಸಿ.

ಮಣ್ಣಿನ ಪೊಟ್ಟಣಕ್ಕೆ ಬರೋಣ. ಎರಡು ನಮೂನೆ ಸಿಗುತ್ತವೆ. ಒಂದು, ನರ್ಸರಿಯ ಕೆಂಪು ಮಣ್ಣಿಗೆ ತೆಂಗಿನ ನಾರಿನ ಪುಡಿ ಬೆರೆಸಿದ್ದು. ಇದರಲ್ಲಿ ಸಸಿ ಚೆನ್ನಾಗಿ ಬರುತ್ತದೆ, ಆದರೆ ನಿಮ್ಮ ಹೊಲಕ್ಕೂ ಇದಕ್ಕೂ ಸಂಬಂಧವಿಲ್ಲ. ಇನ್ನೊಂದು, ಎರಿಮಣ್ಣನ್ನು ಒಣಗಿಸಿ ಹಿಟ್ಟಿನಂತೆ ಕುಟ್ಟಿ ಸೋಸಿದ್ದು. ಕೈಗೆ ನುಣ್ಣಗಿದೆ, ಕಣ್ಣಿಗೆ ಚೆಂದ ಇದೆ, ಬಿತ್ತಿಗೆಗೆ ಇದಕ್ಕಿಂತ ಕೆಟ್ಟದ್ದಿಲ್ಲ. ಎರಿಮಣ್ಣಿನಲ್ಲಿ ಜಿಗುಟು ಹೆಚ್ಚು. ಹಿಟ್ಟಾದ ಎರಿಗೆ ನೀರು ಬಿದ್ದರೆ ಉಬ್ಬಿ ಗಾಳಿ ಆಡುವ ಸಂದೆಲ್ಲ ಮುಚ್ಚುತ್ತದೆ, ಒಣಗಿದರೆ ಮೇಲೆ ಹೆಂಟೆಯಂತೆ ಗಟ್ಟಿಯಾಗುತ್ತದೆ. ಜೋಳದ ಮೊಳಕೆ ಆ ಪದರ ಸೀಳಿ ಬರಲಾರದೆ ಒಳಗೇ ಸುರುಳಿ ಸುತ್ತಿಕೊಳ್ಳುತ್ತದೆ. ಬಿತ್ತಿದ ಮರುದಿನ ಜೋರು ಮಳೆ ಬಂದು ಬಿಸಿಲು ಬಿದ್ದಾಗ ಹೊಲದಲ್ಲಿ ಆಗುವುದೂ ಇದೇ.

ಪ್ರಮಾಣವೂ ಸಾಲದು. ಒಂದು ಕಿಲೋ ಮಣ್ಣು ಒಂದು ಅಡಿ ಅಗಲದ ಬುಟ್ಟಿಯಲ್ಲಿ ಹರಡಿದರೆ ಬೆರಳಿನ ದಪ್ಪವೂ ಆಗುವುದಿಲ್ಲ. ಬೇಕಾದದ್ದು ಎರಡು ಇಂಚು, ಅಂದರೆ ಮಗಿಯ ಜಾಗ ಬಿಟ್ಟು ಮೂರು ಕಿಲೋದಷ್ಟು. ಮನೆಯಲ್ಲೇ ಮಾಡಿಕೊಳ್ಳುವುದಾದರೆ ಎರಡು ಪಾಲು ಎರಿಮಣ್ಣು, ಒಂದು ಪಾಲು ಉಸುಕು, ಒಂದು ಪಾಲು ಹಳೆಯ ತಿಪ್ಪೆಗೊಬ್ಬರ. ಮಸಾರಿ, ಅಂದರೆ ಕೆಂಪು ಮಣ್ಣಾದರೆ ಉಸುಕು ಬೇಡ. ಗೊಬ್ಬರವನ್ನು ಸಾಣಿಗೆ ಹಿಡಿಯಿರಿ, ಮಣ್ಣನ್ನು ಹಿಡಿಯಬೇಡಿ. ಕೈಯಲ್ಲಿ ಹಿಸುಕಿ ಜೋಳದ ಕಾಳಿನಿಂದ ಕಡಲೆ ಕಾಳಿನ ಗಾತ್ರದ ಹರಳು ಉಳಿಯುವಂತೆ ಬಿಡಿ. ಆ ಹರಳಿನ ಸಂದಿಯಲ್ಲೇ ಬೇರಿಗೆ ಗಾಳಿ ಸಿಗುವುದು. ಹಸಿ ಸಗಣಿ, ಅರ್ಧ ಕೊಳೆತ ಗೊಬ್ಬರ ಹಾಕಿದರೆ ಬಿಸಿ ಏಳುತ್ತದೆ, ಮೊದಲ ವಾರದಲ್ಲೇ ಬೂಷ್ಟು ಹಿಡಿಯುತ್ತದೆ, ಸಣ್ಣ ಕಪ್ಪು ನೊಣ ಹಾರಲು ಶುರು ಮಾಡುತ್ತವೆ.

ಹೊಲದ ಯಾವ ಮೂಲೆಯಿಂದ ಮಣ್ಣು ತರುತ್ತೀರಿ ಎಂಬುದೂ ಮುಖ್ಯ. ಬದುವಿನ ಮಣ್ಣು ಬೇಡ, ತಿಪ್ಪೆಯ ಬಾಜೂದು ಬೇಡ. ಹಿಂಗಾರಿ ಬಿತ್ತುವ ತಾಕಿನ ನಡುವಿನಿಂದ, ಮೇಲಿನ ಒಂದು ಗೇಣಿನದು ತನ್ನಿ. ಇದೇ ಮುಂಗಾರಿನಲ್ಲಿ ಉಳ್ಳಾಗಡ್ಡಿಗೆ ಪೆಂಡಿಮೆಥಾಲಿನ್ ಎಂಬ ಕಳೆನಾಶಕ ಹೊಡೆದ ಹೊಲವಾದರೆ ಘಟದಲ್ಲಿ ಒಂದು ವಿಚಿತ್ರ ಕಾಣಬಹುದು: ಕಡಲೆ ಸರಿಯಾಗಿ ಎದ್ದಿರುತ್ತದೆ, ಜೋಳ ಮಾತ್ರ ಗಿಡ್ಡಾಗಿ ನಿಂತಿರುತ್ತದೆ. ಕಿತ್ತು ನೋಡಿದರೆ ಬೇರು ಮೊಂಡಾಗಿ ದಪ್ಪಗಿರುತ್ತದೆ. ಅದು ಬೀಜದ ತಪ್ಪಲ್ಲ, ಮಣ್ಣಿನಲ್ಲಿ ಉಳಿದ ಕಳೆನಾಶಕದ್ದು. ಆ ತಾಕಿಗೆ ಜೋಳದ ಬದಲು ಕಡಲೆ ಇಡುವುದು ವಾಸಿ. ಅಂಗಡಿಯ ಮಣ್ಣಿನ ಪೊಟ್ಟಣ ಇಂಥದ್ದೇನನ್ನೂ ತೋರಿಸಲಾರದು. ಸೆಟ್ಟಿನಲ್ಲಿ ಮೊದಲು ಪಕ್ಕಕ್ಕಿಡಬೇಕಾದದ್ದು ಇದೇ ಪೊಟ್ಟಣ.

ಎರಡನೆಯದು ಕಾಳು, ಇಲ್ಲಿ ಸ್ವಲ್ಪ ಕೂತು ಮಾತಾಡಬೇಕು. ಪೊಟ್ಟಣದ ಕಾಳನ್ನು ತಾಟಿಗೆ ಸುರಿದು ಬೇರೆ ಮಾಡಿದರೆ ಗೋದಿ, ಜೋಳ, ಹೆಸರು, ಉದ್ದು, ಕಡಲೆ, ತೊಗರಿ, ಎಳ್ಳು, ಕೆಲವದರಲ್ಲಿ ಜವೆಗೋದಿ (ಬಾರ್ಲಿ) ಸಿಗುತ್ತವೆ. ಇವೆಲ್ಲ ಕಿರಾಣಿ ಅಂಗಡಿಯ ಕಾಳು, ತಿನ್ನಲು ಬಂದದ್ದು. ಜವೆಗೋದಿಯ ಸಿಪ್ಪೆ ತೆಗೆದು ಮೈ ಉಜ್ಜಿರುವುದರಿಂದ ಮೊಳಕೆಯ ಭಾಗವೇ ಹೋಗಿರುತ್ತದೆ. ಬಿಳಿ ಎಳ್ಳು ಸಿಪ್ಪೆ ತೆಗೆದದ್ದಾದರೆ ಅದರದೂ ಇದೇ ಕತೆ. ತೊಗರಿ ಎಷ್ಟೋ ಸಲ ಇಡೀ ಕಾಳಲ್ಲ, ಬೇಳೆ. ದೊಡ್ಡ ಕಾಬೂಲಿ ಕಡಲೆ ಹಾಕಿದ್ದರೆ ಹಸಿ ಹೆಚ್ಚಾದ ಕೂಡಲೇ ಅದೇ ಮೊದಲು ಕೊಳೆಯುವುದು, ಪಕ್ಕದ ಕಾಳಿಗೂ ಬೂಷ್ಟು ಹಬ್ಬಿಸುವುದು. ಹೆಸರಿನಲ್ಲಿ ಗುಂಡು ತೂತು ಕಂಡರೆ ಹುಳ ಹೊಕ್ಕು ಹೊರಬಂದಿದೆ ಎಂದು ಅರ್ಥ. ಗೋದಿ, ಹೆಸರು ಮಾತ್ರ ಸಾಮಾನ್ಯವಾಗಿ ಮೋಸ ಮಾಡುವುದಿಲ್ಲ. ಸೆಟ್ಟಿನ ಘಟಗಳಲ್ಲಿ ಎದ್ದು ಕಾಣುವ ಸಸಿಯೆಲ್ಲ ಇವೆರಡರದ್ದೇ. ಫ್ಲ್ಯಾಟಿನವರಿಗೆ ಅಷ್ಟು ಸಾಕು: ಪೊಟ್ಟಣದಿಂದ ಗೋದಿ, ಹೆಸರು, ಇಡೀ ಕಪ್ಪು ಉದ್ದು ಆರಿಸಿಕೊಂಡು ಉಳಿದದ್ದನ್ನು ಹಕ್ಕಿಗೆ ಹಾಕಿ.

ಹೊಲ ಇರುವವರು ಹಾಕಬೇಕಾದದ್ದು ಈ ಸಲ ಕೂರಿಗೆಗೆ ಹೋಗುವ ಕಾಳು. ಹೋದ ಸುಗ್ಗಿಯಲ್ಲಿ ತೆಗೆದಿಟ್ಟ ಮಾಲದಂಡಿ ಜೋಳ, ಮನೆಯ ಸದಕ ಗೋದಿ, ಜೆಜಿ-11 ಕಡಲೆ, ಕುಸುಬೆ, ಅಗಸಿ, ಏನಿದೆಯೋ ಅದು. ಆದರೆ ಒಂದು ಎಚ್ಚರ. ರೈತ ಸಂಪರ್ಕ ಕೇಂದ್ರದಿಂದಲೋ ಬೀಜದ ಅಂಗಡಿಯಿಂದಲೋ ತಂದ ಚೀಲದ ಕಾಳು ಗುಲಾಬಿ, ಕೆಂಪು, ನೀಲಿ ಬಣ್ಣದಲ್ಲಿದ್ದರೆ ಅದಕ್ಕೆ ಬೂಷ್ಟು ತಡೆಯುವ ಥೈರಮ್ಮಿನಂಥ ವಿಷದ ಔಷಧ ಲೇಪಿಸಿದೆ. ಘಟದ ಸಸಿಯನ್ನು ದಶಮಿಗೆ ಕಿವಿಗೆ, ಟೊಪ್ಪಿಗೆಗೆ, ಜಡೆಗೆ ಸಿಕ್ಕಿಸುತ್ತಾರೆ, ಹುಡುಗರು ಕಚ್ಚಿಯೂ ನೋಡುತ್ತಾರೆ. ಬಣ್ಣದ ಕಾಳು ದೇವರ ಮುಂದಿನ ಬುಟ್ಟಿಗೆ ಬೇಡವೇ ಬೇಡ. ಅದನ್ನು ಪರೀಕ್ಷಿಸಲೇಬೇಕೆಂದರೆ ಹಿತ್ತಿಲಲ್ಲಿ ಬೇರೆ ಡಬ್ಬಿಯಲ್ಲಿ ಹಾಕಿ, ಮುಟ್ಟಿದ ಕೈ ಸೋಪಿನಿಂದ ತೊಳೆಯಿರಿ. ಚೀಲದ ಮೇಲಿನ ಚೀಟಿಯನ್ನೂ ಓದಿ: ಪ್ರಮಾಣಿತ ಬೀಜಕ್ಕೆ ನೀಲಿ ಚೀಟಿ, ಮೂಲ ಬೀಜಕ್ಕೆ ಬಿಳಿ ಚೀಟಿ. ಪರೀಕ್ಷೆಯಾದ ದಿನದಿಂದ ಒಂಬತ್ತು ತಿಂಗಳಷ್ಟೇ ಅದರ ಮಾತಿಗೆ ಬೆಲೆ.

ಹಾಕುವ ಕ್ರಮದಲ್ಲಿ ಸಣ್ಣದೊಂದು ಬದಲಾವಣೆ ಮಾಡಿಕೊಂಡರೆ ಘಟ ಲೆಕ್ಕಕ್ಕೂ ಒದಗುತ್ತದೆ. ಎಲ್ಲ ಕಾಳು ಬೆರೆಸಿ ಎರಚುವ ಬದಲು ಮಗಿಯ ಸುತ್ತಲಿನ ಜಾಗವನ್ನು ಜೋಳದ ದಂಟಿನ ಸಿಬಿರಿನಿಂದ ಐದು ಪಾಲು ಮಾಡಿ. ಕೆಳಗೆ ಒಂದು ಇಂಚು ಮಣ್ಣು ಹಾಸಿ, ನೀರು ಚಿಮುಕಿಸಿ, ನಡುವೆ ಮಗಿ ಕೂಡಿಸಿ. ಒಂದು ಪಾಲಿಗೆ ಎಣಿಸಿದ 50 ಜೋಳ, ಒಂದಕ್ಕೆ 50 ಗೋದಿ, ಒಂದಕ್ಕೆ 25 ಕಡಲೆ, ಒಂದಕ್ಕೆ 25 ಕುಸುಬೆ. ಉಳಿದ ಒಂದು ಪಾಲಿನಲ್ಲಿ ಪದ್ಧತಿಯ ಪ್ರಕಾರ ಐದೋ ಒಂಬತ್ತೋ ಬಗೆಯ ಕಾಳು ಬೆರೆಸಿ ಹಾಕಿ, ಶಾಸ್ತ್ರಕ್ಕೂ ಕೊರತೆಯಾಗುವುದಿಲ್ಲ. ಎಣಿಸುವಾಗ ಆರಿಸಬೇಡಿ. ಚೀಲದೊಳಗೆ ಮೇಲೆ, ನಡುವೆ, ತಳದಲ್ಲಿ ಕೈ ಹಾಕಿ ತೆಗೆದ ಮುಷ್ಟಿಯಿಂದ ಸಿಕ್ಕ ಸಿಕ್ಕದ್ದನ್ನೇ ಎಣಿಸಬೇಕು. ದಪ್ಪ ಕಾಳು ಆರಿಸಿ ಹಾಕಿದರೆ ದೇವಿಯ ಮುಂದೆ ಮರ್ಯಾದೆ ಉಳಿಯುತ್ತದೆ, ಹೊಲದಲ್ಲಿ ಹೋಗುತ್ತದೆ.

ಜೋಳ, ಗೋದಿಯ ಮೇಲೆ ಮುಕ್ಕಾಲು ಇಂಚು ಮಣ್ಣು, ಕಡಲೆ ಮೇಲೆ ಒಂದು ಇಂಚು, ಎಳ್ಳು-ಅಗಸಿಗೆ ಮುಚ್ಚಿದಂತೆ ಮಾಡಿದರೆ ಸಾಕು. ಕಾಳನ್ನು ಮೊದಲೇ ನೆನೆಸಬೇಡಿ. ನೆನೆದ ಕಡಲೆ ಹಸಿ ಎರಿಮಣ್ಣಿನಲ್ಲಿ ಬೇಗ ಕೊಳೆಯುತ್ತದೆ, ಒಣಕಾಳನ್ನೇ ಬಿತ್ತುವವರಿಗೆ ನೆನೆಸಿ ಮಾಡಿದ ಪರೀಕ್ಷೆಯ ಲೆಕ್ಕ ಕೂಡುವುದೂ ಇಲ್ಲ. ಮೊದಲ ದಿನ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಬೆರಳ ಸಂದಿಯಿಂದ ನೀರು ಬರಬಾರದು, ಅಷ್ಟು ಹಸಿ. ಆಮೇಲೆ ಮಗಿಯ ನೀರು ಕಡಿಮೆಯಾದಷ್ಟು ತುಂಬುತ್ತ ಹೋದರೆ ಸಾಕು. ದಿನಾ ಕಟ್ಟುವ ಚೆಂಡುಹೂವಿನ ಮಾಲೆ ಮಣ್ಣಿಗೆ ತಾಗದಂತೆ ಒಂದು ಮೊಳ ಮೇಲಿರಲಿ. ಉದುರಿದ ಎಸಳಿನ ಕೆಳಗೇ ಬೂಷ್ಟು ಮೊದಲು ಕಾಣುವುದು. ಬೂಷ್ಟು ಕಂಡರೆ ಆ ಕಾಳನ್ನು ಚಮಚೆಯಿಂದ ಸುತ್ತಲಿನ ಮಣ್ಣು ಸಮೇತ ತೆಗೆದು, ಅರ್ಧ ದಿನ ನೀರು ನಿಲ್ಲಿಸಿ. ಅರಿಷಿಣ ಸುರಿದು ಮುಚ್ಚುವುದರಿಂದ ಬೂಷ್ಟು ಕಣ್ಣಿಗೆ ಮರೆಯಾಗುತ್ತದೆ, ಅಷ್ಟೇ.

ಈ ದಿನಗಳ ಸೆಖೆಗೆ ಹೆಸರು ಎರಡು-ಮೂರನೇ ದಿನ, ಜೋಳ-ಗೋದಿ ಮೂರು-ನಾಲ್ಕನೇ ದಿನ, ಕಡಲೆ ಐದರಿಂದ ಏಳನೇ ದಿನ ತಲೆ ಎತ್ತುತ್ತವೆ. ದೇವರ ಮನೆ ಕತ್ತಲಾಗಿದ್ದರೆ ಸಸಿ ಉದ್ದಕ್ಕೆ, ಹಳದಿಯಾಗಿ ಬರುತ್ತದೆ. ಬೆಳಕಿಲ್ಲದೆ ಎಲೆಗೆ ಹಸಿರು ಬಣ್ಣ ಹತ್ತುವುದಿಲ್ಲ, ರೋಗ ಅಲ್ಲ. ಹಳದಿ ಸಸಿಯನ್ನೇ ಬಂಗಾರ ಎಂದು ಇಷ್ಟಪಡುವ ಮನೆಗಳಿವೆ, ಹಸಿರು ಬೇಕೆಂದವರು ಕಿಟಕಿಯ ಹತ್ತಿರ ಇಡಲಿ. ಎಣಿಕೆಗೆ ಎರಡೂ ಒಂದೇ.

ನಾಲ್ಕನೇ ದಿನ ಒಮ್ಮೆ ಎಣಿಸಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ, ಕೊನೆಗೆ ಇನ್ನೊಮ್ಮೆ. ಜೋಳ, ಗೋದಿಯ ಸಂಖ್ಯೆಯನ್ನು ಎರಡರಿಂದ, ಕಡಲೆ, ಕುಸುಬೆಯದನ್ನು ನಾಲ್ಕರಿಂದ ಗುಣಿಸಿದರೆ ನೂರಕ್ಕೆ ಎಷ್ಟು ಎಂದು ಸಿಗುತ್ತದೆ. ಪ್ರಮಾಣಿತ ಬೀಜಕ್ಕೆ ಇರಬೇಕಾದ ಕನಿಷ್ಠ ಮೊಳಕೆ ಜೋಳಕ್ಕೆ 75, ಕುಸುಬೆಗೆ 80, ಗೋದಿ ಮತ್ತು ಕಡಲೆಗೆ 85. ನಿಮ್ಮ ಜೋಳ 60 ಬಂದರೆ ಎಕರೆಗೆ 3 ಕಿಲೋ ಬಿತ್ತುವಲ್ಲಿ 3.75 ಕಿಲೋ ಬಿತ್ತಬೇಕು: 3ನ್ನು 75ರಿಂದ ಗುಣಿಸಿ 60ರಿಂದ ಭಾಗಿಸಿದ್ದು. 50ಕ್ಕಿಂತ ಕೆಳಗಿದ್ದರೆ ಹೆಚ್ಚು ಸುರಿಯುವ ಯೋಚನೆ ಬಿಟ್ಟು ಬೀಜವನ್ನೇ ಬದಲಿಸಿ. ಹಾಕಿದ ಐವತ್ತು ಕಾಳಿನಲ್ಲಿ ನಾಲ್ಕನೇ ದಿನ ಬರೀ ಹತ್ತು ಎದ್ದು ಒಂಬತ್ತನೇ ದಿನಕ್ಕೆ ನಲವತ್ತಾದರೆ ಸಂಖ್ಯೆ ಚೆನ್ನಾಗಿದ್ದರೂ ಕಸುವಿಲ್ಲದ ಬೀಜ ಅದು, ಹಸಿ ಹಾರುವ ಹೊಲದಲ್ಲಿ ಹಿಂದೆ ಬೀಳುತ್ತದೆ. ತಿರುಚಿಕೊಂಡದ್ದು, ಬೇರಿಲ್ಲದೆ ಸುಳಿ ಮಾತ್ರ ಬಂದದ್ದು ಲೆಕ್ಕಕ್ಕೆ ಬೇಡ. ಘಟದ ಬೆಚ್ಚನೆಯ, ಸದಾ ಹಸಿ ಇರುವ ಮಣ್ಣಿನಲ್ಲಿ ಬಂದಷ್ಟು ಹೊಲದಲ್ಲಿ ಬರುವುದಿಲ್ಲ ಎಂಬುದೂ ನೆನಪಿರಲಿ.

ಇಷ್ಟೆಲ್ಲ ಇದ್ದರೂ ಘಟದ ಪರೀಕ್ಷೆ ಪ್ರತಿ ವರ್ಷ ಹೊತ್ತಿಗೆ ಸರಿಯಾಗಿ ಮುಗಿಯುವುದಿಲ್ಲ. ಸಮರಾತ್ರಿಯದು ಸೂರ್ಯನ ಲೆಕ್ಕ, ವರ್ಷ ವರ್ಷ ಅದೇ 22-23. (ಪಂಚಾಂಗದ ಮಾತು ಬಿಟ್ಟು ಗಡಿಯಾರ ಹಿಡಿದರೆ ನಮ್ಮ ಕಡೆ ಹಗಲು ಸರಿಯಾಗಿ ಹನ್ನೆರಡು ತಾಸಿಗೆ ಇಳಿಯುವುದು ಇನ್ನೂ ಒಂದು ವಾರದ ಮೇಲೆ.) ನವರಾತ್ರಿಯದು ಚಂದ್ರನ ಲೆಕ್ಕ. 2025ರಲ್ಲಿ ಎರಡೂ ಒಂದೇ ದಿನ ಬಂದವು: ಸೆಪ್ಟೆಂಬರ್ 22ಕ್ಕೆ ಘಟ ಕೂತಿತು, ಅದೇ ರಾತ್ರಿ ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಸಮರಾತ್ರಿಯ ಕ್ಷಣ. ಅಕ್ಟೋಬರ್ 2ಕ್ಕೆ ದಶಮಿ. ಸಸಿ ಎಣಿಸಿ, ಬೇಕಾದರೆ ಬೀಜ ಬದಲಿಸಿ, ಹಸ್ತ ಮಳೆಯಲ್ಲೇ ಜೋಳ ಬಿತ್ತಲು ಸಮಯ ಇತ್ತು. 2026ರಲ್ಲಿ ಹಾಗಲ್ಲ. ಅಧಿಕ ಜ್ಯೇಷ್ಠ ಮಾಸ ಬಂದದ್ದರಿಂದ ಘಟ ಕೂಡುವುದು ಅಕ್ಟೋಬರ್ 11ಕ್ಕೆ, ದಶಮಿ 20ಕ್ಕೆ. ಅಷ್ಟು ಹೊತ್ತಿಗೆ ಹಸ್ತ ಹೋಗಿ ಚಿತ್ತಿ ಮುಗಿಯುತ್ತ ಬಂದಿರುತ್ತದೆ, ಜೋಳದ ಬಿತ್ತಿಗೆಯ ಒಳ್ಳೆಯ ಹದ ಕಳೆದಿರುತ್ತದೆ. ಅಂಥ ವರ್ಷ ಜೋಳ, ಕುಸುಬೆಯ ಪರೀಕ್ಷೆಗೆ ಘಟ ಕಾಯಬೇಡಿ. ಸೆಪ್ಟೆಂಬರ್ ಮಧ್ಯದಲ್ಲೇ ನೂರು ಕಾಳನ್ನು ಒದ್ದೆ ಗೋಣಿತಾಟಿನ ಮೇಲೆ ಸಾಲಾಗಿ ಹರಡಿ, ಸುರುಳಿ ಸುತ್ತಿ, ನೆರಳಲ್ಲಿಟ್ಟು ದಿನಾ ನೀರು ಚಿಮುಕಿಸಿ ಎಣಿಸಿಕೊಳ್ಳಿ. ಘಟದಲ್ಲಿ ಗೋದಿ, ಕಡಲೆಯ ಲೆಕ್ಕ ನೋಡಿ, ಅವಕ್ಕೆ ಇನ್ನೂ ಹೊತ್ತಿರುತ್ತದೆ.

ಇನ್ನು ಸೆಟ್ಟಿನ ಚಿಲ್ಲರೆ ಸಾಮಾನು. ಬತ್ತಿ ಸಣ್ಣದು, ನಂದಾದೀಪಕ್ಕೆ ಆಗುವುದಿಲ್ಲ. ಒಂಬತ್ತು ದಿನ ಹಗಲೂ ರಾತ್ರಿ ಉರಿಯುವ ದೀಪಕ್ಕೆ ಕೈಯಲ್ಲಿ ಹೊಸೆದ ಉದ್ದನೆಯ ಹತ್ತಿಯ ಬತ್ತಿ ಬೇಕು. ಸಣ್ಣ ಉರಿಗೂ ಒಟ್ಟು ಒಂದು ಲೀಟರಿನ ಆಸುಪಾಸು ಎಣ್ಣೆ ಹೋಗುತ್ತದೆ, ಜೊತೆಗೆ ಬರುವ ಅಂಗೈಯಷ್ಟು ಬಾಟಲಿ ಎರಡನೇ ದಿನಕ್ಕೇ ಬರಿದು. ಯಲ್ಲಮ್ಮನ ಗುಡ್ಡಕ್ಕೆ ಈ ದಿನಗಳಲ್ಲಿ ದೀಪಕ್ಕೆ ಎಣ್ಣೆ ಹಾಕಲು ಹೋಗುವವರು ಮನೆಯ ದೀಪದ ಹೊಣೆಯನ್ನು ಯಾರಿಗಾದರೂ ಒಪ್ಪಿಸಿ ಹೋಗಿ. ದೀಪ, ಮಾಲೆ, ಕೆಂಪು ವಸ್ತ್ರ ಮೂರೂ ಒಂದೇ ಮೂಲೆಯಲ್ಲಿರುತ್ತವೆ, ಕಾಜಿನ ಚಿಮಣಿ ಹಾಕುವುದು ಒಳ್ಳೆಯದು. ದೊಡ್ಡ ಸೆಟ್ಟುಗಳಲ್ಲಿ ಬನ್ನಿ ಎಂದು ಎಲೆಯ ಪೊಟ್ಟಣವನ್ನೂ ಇಡುತ್ತಾರೆ. ಎರಡು ಹಾಳೆ ಕೂಡಿಸಿದಂತಿರುವ ಅಗಲ ಎಲೆಯಾದರೆ ಅದು ಬೆಳಗಾವಿ ಕಡೆ ಬಂಗಾರವೆಂದು ಕೊಡುವ ಆಪ್ಟೆ. ಬನ್ನಿಯ ಎಲೆ ಸಣ್ಣದು, ಕಡ್ಡಿಗೆ ಮುಳ್ಳಿರುತ್ತದೆ. ಹತ್ತು ದಿನ ಮುಂಚೆ ಕಿತ್ತ ಎಲೆ ದಶಮಿಗೆ ಪುಡಿಯಾಗಿರುತ್ತದೆ, ಅದು ಬೇರೆ ಮಾತು.

ಒಟ್ಟು ದರದ ಲೆಕ್ಕ ಹೀಗಿದೆ: ಸೆಟ್ಟಿನಲ್ಲಿ ಉಪಯೋಗಕ್ಕೆ ಬರುವುದು ಮಗಿ, ವಸ್ತ್ರ, ಅರಿಷಿಣ-ಕುಂಕುಮ. ಇಷ್ಟನ್ನೇ ಬಿಡಿಬಿಡಿಯಾಗಿ ಕೊಂಡರೆ ಸೆಟ್ಟಿಗಿಂತ ಕಡಿಮೆಯಲ್ಲಿ ಆಗುತ್ತದೆ. ರೇಟು ದಿನಕ್ಕೊಂದು ಥರ, ಅಮಾವಾಸ್ಯೆಯ ಸಂಜೆ ಕೇಳಲೇಬೇಡಿ. ವಾರ ಮೊದಲೇ ಕುಂಬಾರರ ಮಗಿ, ಮೇದಾರರ ಬುಟ್ಟಿ ತಂದಿಟ್ಟುಕೊಂಡರೆ ಆರಿಸಿಕೊಳ್ಳಲೂ ಸಿಗುತ್ತದೆ.

ದಶಮಿಯ ಸಂಜೆ ಸಸಿ ಕಿತ್ತು ಹಂಚಿದ ಮೇಲೆ ಉಳಿದ ಬುಟ್ಟಿಯನ್ನು ದನದ ಮುಂದೆ ಸುರಿಯುವ ರೂಢಿ ಅಲ್ಲಲ್ಲಿ ಇದೆ. ಗೋದಿ, ಹೆಸರಿನ ಸಸಿಗೆ ಅಡ್ಡಿಯಿಲ್ಲ. ಜೋಳದ್ದನ್ನು ಬೇರೆ ತೆಗೆಯಿರಿ. ಮೊಣಕಾಲೆತ್ತರ ಬರದ ಎಳೆ ಜೋಳದಲ್ಲಿರುವ ಧುರಿನ್ ಎಂಬ ಅಂಶ ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯಲ್ಲಿ ಹೈಡ್ರೋಸಯನಿಕ್ ಆಮ್ಲ ಆಗುತ್ತದೆ. ಎಳೆ ಜೋಳ ಮೇದು ದನ ಸಾಯುವುದು ಇದರಿಂದಲೇ. ಐವತ್ತು ಸಸಿ ದೊಡ್ಡ ಎತ್ತಿಗೆ ಏನೂ ಮಾಡದಿರಬಹುದು, ಆದರೆ ಓಣಿಯ ಹತ್ತು ಮನೆಯ ಘಟ ಒಂದೇ ಕಡೆ ಸುರಿದಲ್ಲಿ ಆಡಿನ ಮರಿ ಬಾಯಿ ಹಾಕಿದರೆ ಕಷ್ಟ. ಜೋಳದ ಸಸಿ, ಮಣ್ಣು ತಿಪ್ಪೆಗೆ ಹೋಗಲಿ. ಮಗಿಯನ್ನು ಹೊಳೆಗೆ ಬಿಡದೆ ತೊಳೆದು ಎರಡು ದಿನ ಬಿಸಿಲಿಗೆ ಬೋರಲು ಹಾಕಿ ಒಣಗಿಸಿಟ್ಟರೆ ಮುಂದಿನ ವರ್ಷ ಹಿತ್ತಿಲ ಗಿಡದ ಬುಡದಲ್ಲಿ ಹೂಳಲು ಬರುತ್ತದೆ. ಬಣ್ಣದ ಮಗಿಯಾದರೆ ಅದಕ್ಕೂ ಮೊದಲು ತಿಕ್ಕಲೇಬೇಕು.